ಕಾಗೆ ಮುಟ್ಟಿದ್ದಕ್ಕೆ ಬರೆದ ಸುಳ್ಳು

ವಿನೋಬನಗರ, ಶಿವಮೊಗ್ಗ
೧೬ ನವೆಂಬರ್ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಶಶಿ ಅಣ್ಣಾ,

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಅಪ್ಪನೂ ಸೇರಿ. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ. ಆರು ವರ್ಷದಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು, ಮನೆಯಿಂದ ಕವರು ಬಂತೆಂದರೆ ನಿನ್ನ ಎದೆ ಧಸಕ್ಕೆನ್ನದೆ ಇರುತ್ತದೆಯೇ? ನೀನು ಹೇಗಿದ್ದೀಯ? ಚಳಿ ಬಿತ್ತೆಂದರೆ ಹಿಡಿದುಕೊಳ್ಳುತ್ತಿದ್ದ ಆ ಒಣಕೆಮ್ಮು ಗದಗಿನ ಹವೆಗೆ ಬಿಟ್ಟಿತೋ ಇಲ್ಲವೋ? ಊಟಕ್ಕೆ ಖಾನಾವಳಿಯೋ ಕೈಯಡುಗೆಯೋ? ಜೋಳದ ರೊಟ್ಟಿ ಅಭ್ಯಾಸವಾಯಿತೋ, ಇನ್ನೂ ಮುದ್ದೆ ಮುದ್ದೆ ಎಂದು ಹಲುಬುತ್ತೀಯೋ? ಇವೆಲ್ಲ ನನ್ನ ಪ್ರಶ್ನೆಗಳಲ್ಲ, ಅಮ್ಮ ಅಡುಗೆಮನೆಯಿಂದಲೇ ಒಂದೊಂದಾಗಿ ಕೂಗಿ ಬರೆಸುತ್ತಿದ್ದಾಳೆ. ನನ್ನ ಪ್ರಶ್ನೆ ಒಂದೇ, ಅದು ಕೊನೆಗೆ ಬರುತ್ತದೆ.

ನಿನ್ನ ಫೋನ್ ನಂಬರ್ ನಮಗ್ಯಾರಿಗೂ ಗೊತ್ತಿಲ್ಲ. ಯುಗಾದಿಗೆ ಅಜ್ಜಿಯ ಹೆಸರಿಗೆ ನೀನು ಹಾಕುವ ಕಾರ್ಡಿನಲ್ಲಿ "ನಾನು ಕ್ಷೇಮ, ನೀನು ಹುಷಾರು" ಎಂಬ ಒಂದು ಸಾಲು, ಕೆಳಗೆ ನೀನು ಕೆಲಸ ಮಾಡುವ ಪ್ರೆಸ್ಸಿನ ಸೀಲು, ಅಷ್ಟೇ. ಆ ಸೀಲಿನ ವಿಳಾಸಕ್ಕೇ ಇದನ್ನು ಕಳಿಸುತ್ತಿದ್ದೇನೆ. ನಿನ್ನ ಕಾರ್ಡು ಬಂದಾಗ ಪೋಸ್ಟ್‌ಮನ್ ಕೈಯಿಂದ ಅದನ್ನು ತೆಗೆದುಕೊಳ್ಳುವುದು ಅಪ್ಪನೇ. ಓದುವುದಿಲ್ಲ. ಹೆಬ್ಬೆರಳಲ್ಲಿ ಉಜ್ಜಿ ನೋಡುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, "ಕಾರ್ಡು ವರ್ಷದಿಂದ ವರ್ಷಕ್ಕೆ ತೆಳ್ಳಗಾಗ್ತಿದೆ" ಎಂದು ಅಜ್ಜಿಗೆ ಕೊಡುತ್ತಾರೆ. ಈ ಸಲ ಅಮ್ಮ ತಡೆಯಲಾರದೆ, "ಕಾರ್ಡಿನ ಕತೆ ಹಾಳಾಗ್ಲಿ, ಹಾಕಿದೋನು ತೆಳ್ಳಗಾಗಿದಾನೋ ಏನೋ ಅದನ್ನ ಕೇಳಿ" ಎಂದಳು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು. ಅಂಗಡಿ ಎಂದರೆ ಜೆರಾಕ್ಸ್ ಅಂಗಡಿ, ನೀನು ಹೋದ ಮೇಲೆ ಇಲ್ಲೇ ಪೊಲೀಸ್ ಚೌಕಿ ಹತ್ತಿರ ಹಾಕಿದ್ದು. ಶಂಕರಘಟ್ಟದ ಯೂನಿವರ್ಸಿಟಿ ಹುಡುಗರು ಪ್ರಬಂಧದ ಬೈಂಡಿಂಗ್‌ಗೆ ಅಲ್ಲಿಂದ ಇಲ್ಲಿಯವರೆಗೂ ಬರುತ್ತಾರೆ. ವ್ಯಾಪಾರ ಪರವಾಗಿಲ್ಲ.

ಈಗ ನನ್ನ ಸುದ್ದಿ. ನೀನು ಹೋದಾಗ ನಾನು ಏಳನೇ ಕ್ಲಾಸಿನ ಸಿಂಬಳಬುರುಕಿ, ಈಗ ಬಿ.ಎ. ಎರಡನೇ ವರ್ಷ. ಓದುತ್ತಿರುವ ವಿಷಯ ಕೇಳಿದರೆ ನಗುತ್ತೀಯ: ಬರವಣಿಗೆ. ಕಥೆ, ಪ್ರಬಂಧ, ನಾಟಕದ ಮಾತು, ವರದಿ, ಇವನ್ನೆಲ್ಲ ಬರೆಯುವುದನ್ನೇ ಮೂರು ವರ್ಷ ಕಲಿಸುವ ಡಿಗ್ರಿ. ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಹೊಸದಾಗಿ ಶುರುವಾಗಿದೆ, ಕ್ಲಾಸಿಗೆ ನಾವು ಒಂಬತ್ತೇ ಜನ. ಎದುರು ಮನೆಯ ಜಯಪ್ಪ ಮಾವ, "ಬರೆಯೋದು ಅಂಗನವಾಡೀಲೇ ಕಲಿಸ್ತಾರಲ್ಲೇ ಮಾರಾಯ್ತಿ, ನೀನು ಅಷ್ಟು ದಡ್ಡಿನಾ?" ಎಂದು ದಿನಾ ರೇಗಿಸುತ್ತಾರೆ. ನನಗೂ ಮೊದಲು ಹಾಗೇ ಅನಿಸಿತ್ತು. ಮೊದಲ ದಿನ ಸಮತಾ ಮೇಡಂ ಎಲ್ಲರ ಮುಂದೆ ಒಂದೊಂದು ಖಾಲಿ ಹಾಳೆ ಇಟ್ಟು, "ಇವತ್ತು ಬೆಳಿಗ್ಗೆ ನಿಮ್ಮಮ್ಮನ ಕೈಗಳು ಏನೇನು ಮಾಡಿದವು, ಬರೀರಿ" ಎಂದರು. ನಮ್ಮಲ್ಲಿ ಒಬ್ಬರದೂ ಹತ್ತು ಸಾಲು ದಾಟಲಿಲ್ಲ. ಹದಿನೆಂಟು ವರ್ಷ ಒಂದೇ ಸೂರಿನಡಿ ಇದ್ದವಳು, ಅಮ್ಮ ಕಾಫಿ ಸೋಸುವುದು ಎಡಗೈಯಲ್ಲಿ ಎಂದು ನನಗೆ ಗೊತ್ತಿರಲಿಲ್ಲ ಅಣ್ಣಾ! ಮಾರನೆಯ ದಿನ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದೆ. ಬಲಗೈಯಲ್ಲಿ ಒಗ್ಗರಣೆ ಕೈಯಾಡಿಸುತ್ತಾಳೆ, ಎಡಗೈಯಲ್ಲಿ ಸೋಸುತ್ತಾಳೆ, ನಡುವೆ ಮೊಣಕೈಯಿಂದ ಬೆಕ್ಕನ್ನು ದೂಡುತ್ತಾಳೆ. "ಏನೇ ಹಂಗ್ ನೋಡ್ತೀಯ, ದೃಷ್ಟಿಯಾದೀತು" ಎಂದು ಬೈದಳು. ನಮ್ಮ ಮನೆಯೊಳಗೆ ಇಷ್ಟೊಂದು ನಡೆಯುತ್ತದೆಯೇ ಎಂದು ಆವತ್ತು ನನಗಾದ ಬೆರಗು ಇವತ್ತಿಗೂ ಇಳಿದಿಲ್ಲ.

ಈ ಕೋರ್ಸಿಗೆ ನನ್ನನ್ನು ಸೇರಿಸಿದ್ದು ಯಾರು ಎಂದರೆ ನೀನು ನಂಬುವುದಿಲ್ಲ. ಬಿ.ಕಾಂ. ಮಾಡಲಿ ಎಂದು ಭದ್ರಾವತಿ ಅತ್ತೆ ಹಟ ಹಿಡಿದು ಕೂತಿದ್ದಳು, ಅಮ್ಮನೂ ಹೂಂ ಅಂದಿದ್ದಳು. ಅಪ್ಪ ಒಂದು ದಿನ ಅಂಗಡಿಯಿಂದ ಬಂದವರೇ ಈ ಕೋರ್ಸಿನ ಅರ್ಜಿ ಫಾರಂ ಮೇಜಿನ ಮೇಲಿಟ್ಟು, "ಯಾರೋ ಜೆರಾಕ್ಸಿಗೆ ತಂದಿದ್ರು, ಒಂದು ಕಾಪಿ ಜಾಸ್ತಿ ತೆಗ್ದೆ" ಎಂದರು. ಮಾರನೆಯ ದಿನ ಅವರೇ ಕಾಲೇಜಿನ ಕ್ಯೂನಲ್ಲಿ ನಿಂತರು. ನಿನ್ನ ಹನ್ನೊಂದು ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕಿದ ಅದೇ ಅಪ್ಪ! ಆವತ್ತಿನದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪನ ಕಾಗದದ ಮಿಲ್ಲು ನಿಂತು ಹೋಗಿ, ಭದ್ರಾವತಿ ಕಾಗದನಗರದ ಕ್ವಾರ್ಟರ್ಸ್ ಖಾಲಿ ಮಾಡಿ ಇಲ್ಲಿಗೆ ಬರುವ ವಾರ. ನೀನು ಪರೀಕ್ಷೆಗೆಂದು ದಾವಣಗೆರೆಗೆ ಹೋಗಿದ್ದೆ. ರದ್ದಿ ಗಾಡಿ ಬಂತು. ಅಪ್ಪ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಮನೆಯ ಕಾಗದವನ್ನೆಲ್ಲ ತಾವೇ ಬೇರ್ಪಡಿಸಿದರು: ಬರೆದದ್ದೆಲ್ಲ ಮೂಟೆಗೆ, ಖಾಲಿಯದ್ದೆಲ್ಲ ಟ್ರಂಕಿಗೆ. ನೀನು ಬಂದು ಕೇಳಿದಾಗ ಅವರು ಹೇಳಿದ್ದು ನೆನಪಿದೆಯಾ? "ಎರಡೂ ಮಗ್ಗಲು ಬರ್ದು ಮುಗ್ದಿತ್ತಲ್ಲೋ. ಖಾಲಿ ಇದ್ದ ಎರಡು ಪುಸ್ತಕ ಜೋಪಾನವಾಗಿ ಇಟ್ಟಿದೀನಿ, ನೋಡು." ಹೈಸ್ಕೂಲಿನಿಂದ ನೀನು ಬರೆದಿಟ್ಟಿದ್ದ ಕಥೆಗಳೆಲ್ಲ ಹೋಗಿ, ಖಾಲಿ ಎರಡು ಪುಸ್ತಕ ಉಳಿದಿದ್ದವು. ನೀನು ಕೂಗಾಡಲಿಲ್ಲ, ಊಟ ಬಿಟ್ಟೆ, ಮೂರನೇ ದಿನ ಮನೆ ಬಿಟ್ಟೆ. "ಪುಸ್ತಕಕ್ಕೋಸ್ಕರ ಅಪ್ಪನ್ನ ಬಿಟ್ಟು ಹೋಗೋ ಮಗ ನಂಗೂ ಬೇಡ" ಎಂದು ಅಪ್ಪ ಬಾಗಿಲಲ್ಲಿ ನಿಂತು ಹೇಳಿದರು. ನಾನು ಟ್ರಂಕಿನ ಹಿಂದೆ ಕೂತು ಅಳುತ್ತಿದ್ದೆ. ಅಂಥವರು ನನ್ನನ್ನು ಬರವಣಿಗೆ ಓದಲು ಯಾಕೆ ಕಳಿಸಿದರು ಎಂಬುದು ಒಂದೂವರೆ ವರ್ಷ ನನಗೆ ಬಗೆಹರಿಯದ ಒಗಟಾಗಿತ್ತು.

ಕಾಲೇಜಿನಲ್ಲಿ ನನ್ನ ಸ್ಥಿತಿ ಹೇಳಿಕೊಳ್ಳುವಂಥದ್ದೇನಲ್ಲ. ನಾನು ಬರೆದ ಕಥೆಗಳ ಅಂಚಿನಲ್ಲಿ ಸಮತಾ ಮೇಡಂ ಪೆನ್ಸಿಲಿನಿಂದ ಒಂದೇ ಮಾತು ಬರೆಯುತ್ತಾರೆ: "ಭಾಷೆ ಚೆನ್ನಾಗಿದೆ, ಒಳಗೆ ಯಾರೂ ಇಲ್ಲ." ಮೂರು ಸೆಮಿಸ್ಟರಿನಿಂದ ಇದೇ. ಈ ಸಲ, ಮನೆಯವರೊಬ್ಬರ ಕೆಲಸವನ್ನು ಕೇಳಿ ತಿಳಿದು ಬರೆಯಿರಿ ಎಂದರು. ಹಾಗಾಗಿ ದೀಪಾವಳಿ ಕಳೆದ ಮೇಲೆ ನಾನು ದಿನಾ ಸಂಜೆ ಅಂಗಡಿಯಲ್ಲಿ ಅಪ್ಪನ ಎದುರು ಕೂತೆ. ಅಪ್ಪ ಮೊದಲು, "ಅದ್ರಲ್ಲೇನಿದೆ ಬರೆಯೋಕೆ" ಎಂದರು. ಆಮೇಲೆ ಒಂದು ಹಾಳೆ ತೆಗೆದು ಉದ್ದಕ್ಕೆ ಹರಿದರು, ಗೆರೆ ಎಳೆದ ಹಾಗೆ ನೇರ ಹರಿಯಿತು. ಅಡ್ಡಕ್ಕೆ ಹರಿದರು, ಅಂಕುಡೊಂಕಾಗಿ ಹರಿಯಿತು. ಕಾಗದಕ್ಕೂ ನಾರಿನ ದಿಕ್ಕಿದೆಯಂತೆ! ಕಣ್ಣು ಮುಚ್ಚಿ ಕಿವಿಯ ಹತ್ತಿರ ಹಾಳೆ ಕೊಡವಿ, ಐದು ಬಗೆಯ ಬಂಡಲನ್ನು ಬರೀ ಸದ್ದಿನಿಂದ ಬೇರೆ ಬೇರೆ ಗುರುತಿಸಿದರು. ಬೈಂಡಿಂಗಿಗೆ ಬಂದಿದ್ದ ಹುಡುಗರು ಚಪ್ಪಾಳೆ ಹೊಡೆದರು, ಅಪ್ಪ ನಾಚಿಕೊಂಡರು. ಮಿಲ್ಲಿನಲ್ಲಿ ಹರಿದ, ಮಡಚಿದ, ಕೆಟ್ಟ ಕಾಗದಕ್ಕೆ ಬ್ರೋಕ್ ಎನ್ನುತ್ತಿದ್ದರಂತೆ. "ಅಲ್ಲಿ ಹಾಳಾಗಿದ್ದು ಅಂತ ಯಾವ್ದೂ ಇಲ್ಲ ಕಣೇ. ಎಲ್ಲಾ ವಾಪಸ್ ತೊಟ್ಟಿಗೆ. ನೀರು ಕುಡೀತದೆ, ಹಳೇದೆಲ್ಲ ಮರೀತದೆ, ಮತ್ತೆ ಬಿಳೀ ಹಾಳೆ ಆಗಿ ಬರ್ತದೆ." ಇದನ್ನು ಹೇಳುವಾಗ ಅವರ ಮುಖದಲ್ಲಿ ದೇವಸ್ಥಾನಕ್ಕೆ ಹೋಗಿ ಬಂದವರ ಕಳೆ ಇತ್ತು. ಇಪ್ಪತ್ತೆಂಟು ವರ್ಷ ಮೆಷಿನ್ ಹೌಸಿನಲ್ಲಿ ದುಡಿದವರಿಗೆ ತುಂಬಿದ ನೋಟ್‌ಬುಕ್ಕು ಎಂದರೆ ಏನು ಎಂದು ಆಗ ನನಗೆ ಮೊದಲ ಸಲ ತಿಳಿಯಿತು. ಅದು ಕೆಲಸ ಮುಗಿಸಿ ತೊಟ್ಟಿಗೆ ಹೊರಟ ಕಾಗದ. ನಿನ್ನ ಮೇಲಿನ ತಾತ್ಸಾರದಿಂದ ಹಾಕಿದ್ದಲ್ಲ ಅಣ್ಣಾ, ಅವರ ಲೆಕ್ಕದಲ್ಲಿ ಅದಕ್ಕೆ ಸದ್ಗತಿ ಕಾಣಿಸಿದ್ದು. ಇದರಿಂದ ನಿನ್ನ ನಷ್ಟ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ, ನನಗೆ ಗೊತ್ತು. ಆದರೂ ನಿನಗೆ ಹೇಳಬೇಕೆನಿಸಿತು.

ಈಗ ಈ ವಾರ ನಡೆದದ್ದನ್ನು ಕೇಳು. ಬುಧವಾರ ಬೆಳಿಗ್ಗೆ ಅಪ್ಪ ಅಂಗಡಿಯ ಶಟರ್ ಎತ್ತಲು ಬಗ್ಗಿದಾಗ ಒಂದು ಕಾಗೆ ಬಂದು ಅವರ ತಲೆಯ ಮೇಲೆ ಕೂತು, ಕುಕ್ಕಿ ಹಾರಿತಂತೆ. ಅಪ್ಪ ಅದನ್ನು ನಗಾಡುತ್ತ ಬಂದು ಹೇಳಿದರು, ಅಜ್ಜಿ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. ನಿನಗೆ ಅಜ್ಜಿ ಗೊತ್ತಲ್ಲ. ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರ ಬಂತೆಂದು ಅರ್ಥ, ಅದು ತಪ್ಪಬೇಕಾದರೆ ಅವರು ಸತ್ತರೆಂದು ಹತ್ತಿರದವರಿಗೆ ಸುಳ್ಳು ಸುದ್ದಿ ಕಳಿಸಬೇಕು, ಕೇಳಿದವರು ನಿಜವೆಂದು ನಂಬಿ ಅಳಬೇಕು. ಕಣ್ಣೀರು ಬಿದ್ದರೆ ದೋಷ ಕಳೆದು ಆಯಸ್ಸು ಗಟ್ಟಿಯಾಗುತ್ತದೆ. ಅಜ್ಜಿಯ ತವರಿನಲ್ಲಿ ಹೀಗೆ ಸುದ್ದಿ ಕಳಿಸಿದ ಮೇಲೆ ಓಬಯ್ಯ ಎಂಬ ಅವಳ ಚಿಕ್ಕಪ್ಪ ಮತ್ತೆ ನಲವತ್ತು ವರ್ಷ ಬದುಕಿ, ಅತ್ತವರನ್ನೆಲ್ಲ ಮಣ್ಣು ಮಾಡಿ ಹೋದನಂತೆ. ಎಳ್ಳೆಣ್ಣೆ ದೀಪ ಹಚ್ಚಿಸಿದರೆ ಸಾಕಲ್ಲವೇ ಎಂದು ಅಮ್ಮ ಕೇಳಿದಳು. "ದೀಪಾನೂ ಹಚ್ಚು, ಸುದ್ದೀನೂ ಕಳ್ಸು" ಎಂದಳು ಅಜ್ಜಿ. ಅಕ್ಕಿಯ ಮೊರ ಬಿಟ್ಟು ತಾನೇ ಎದ್ದು ಎಳ್ಳೆಣ್ಣೆ ಹುಡುಕತೊಡಗಿದಳು, ಅದನ್ನು ನೋಡಿ ನಾವ್ಯಾರೂ ನಗಲಿಲ್ಲ.

ಪದ್ಧತಿಯ ಪ್ರಕಾರ ಮೊದಲು ಅಪ್ಪನ ಅಕ್ಕನ ಮನೆಗೇ ತಿಳಿಸಬೇಕು. ಅಮ್ಮ ಭದ್ರಾವತಿ ಅತ್ತೆಗೆ ಫೋನ್ ಹಚ್ಚಿ, "ಅತ್ತಿಗೆ, ಇವ್ರು..." ಎಂದಳು, ಮುಂದೆ ನಾಲಿಗೆ ಏಳಲಿಲ್ಲ. ತಾಳಿ ಕಟ್ಟಿಸಿಕೊಂಡ ಬಾಯಲ್ಲಿ ಆ ಮಾತು ಹೇಗೆ ಬಂದೀತು? ಅಜ್ಜಿ ಪಕ್ಕದಲ್ಲಿ ಸೆರಗು ಬಾಯಿಗಿಟ್ಟು ಜೋರಾಗಿ ಬಿಕ್ಕಿದಳು. ಅತ್ತೆ ಆ ಕಡೆಯಿಂದ, "ಯಾಕೆ ಪುಷ್ಪಾ, ಏನಾಯ್ತು? ಈಗ ಹತ್ತು ನಿಮಿಷದ ಹಿಂದೆ ತಮ್ಮಯ್ಯ ವಾಟ್ಸಾಪಲ್ಲಿ ಗುಲಾಬಿ ಹೂ ಹಾಕಿ ಶುಭ ಮುಂಜಾನೆ ಕಳ್ಸಿದಾನಲ್ಲ!" ಎಂದಳು. ಮುಗಿಯಿತು. ಫೋನು ಬಂದ ಮೇಲೆ ಸುಳ್ಳು ಹೇಳಿ ಪ್ರಾಣ ಉಳಿಸುವ ದಾರಿಯೂ ಮುಚ್ಚಿಹೋಯಿತು ಎಂದು ಅಜ್ಜಿ ಹಣೆ ಚಚ್ಚಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಶಶಿಗೆ ಕಾಗ್ದ ಬರಿ" ಎಂದಳು.

ನಾನು ಆಗುವುದಿಲ್ಲ ಎಂದೆ. ಆರು ವರ್ಷದಿಂದ ಒಂದು ಮಾತಿಲ್ಲ ಕತೆಯಿಲ್ಲ, ಈಗ ಇಂಥ ಸುಳ್ಳು ಬರೆದು ಅವನ ಎದೆ ಒಡೆಯಲೇ ಎಂದು ಜಗಳವಾಡಿದೆ. ಅಜ್ಜಿ, "ಒಂದು ದಿನ ಅಳ್ಲಿ, ಮಾರ್ನೇ ದಿನವೇ ನಿಜ ತಿಳಿಸೋಣ. ಬಾಕಿಯೋರೆಲ್ಲ ಲೋಕರೂಢಿಗೆ ಅಳೋರು ಕಣೇ. ನಿಮ್ಮಪ್ಪ ಸತ್ತ ಅಂದ್ರೆ ಕರುಳು ಕಿತ್ತು ಬರೋ ಹಂಗೆ ಅಳೋನು ಅವನೊಬ್ನೇ" ಎಂದಳು. ಅಪ್ಪ ಅಲ್ಲೇ ಹೊಸಿಲ ಹತ್ತಿರ ನಿಂತು ಬನಿಯನ್ ಕೊಡವುತ್ತಿದ್ದರು. ಯಾರ ಮುಖವನ್ನೂ ನೋಡದೆ, "ಅವ್ನು ಅಳ್ತಾನಾ?" ಎಂದು ಕೇಳಿದರು. "ಅಳ್ದೇ ಏನೋ" ಎಂದಳು ಅಜ್ಜಿ. ಅಪ್ಪ ಬನಿಯನ್ ಹೆಗಲಿಗೆ ಹಾಕಿಕೊಂಡು ಹೋದರು. ಅವರು ಬೇಡ ಅನ್ನಲಿಲ್ಲ ಎಂಬುದನ್ನು ಗಮನಿಸು. ನಾನು ಒಪ್ಪಿಕೊಂಡೆ. ಅಜ್ಜಿಯ ಭಯಕ್ಕಾಗಿ ಒಪ್ಪಿಕೊಂಡೆ ಎಂದು ಬರೆದರೆ ಅರ್ಧ ಸುಳ್ಳು. ಉಳಿದರ್ಧ ಹೇಳಲು ನಾಚಿಕೆಯಾಗುತ್ತದೆ: ಮೂರು ಸೆಮಿಸ್ಟರಿನಿಂದ ಒಳಗೆ ಯಾರೂ ಇಲ್ಲ ಎನಿಸಿಕೊಂಡವಳಿಗೆ, ಓದಿದವರು ನಿಜವಾಗಿ ಅಳುವಂಥದ್ದನ್ನು ನಾನು ಬರೆಯಬಲ್ಲೆನೇ ನೋಡಿಯೇಬಿಡೋಣ ಎನಿಸಿತು. ಇದಕ್ಕಾಗಿ ನೀನು ನನ್ನ ಕಿವಿ ಹಿಂಡಬಹುದು.

ಗುರುವಾರ ಕಾಲೇಜಿನಿಂದ ಬಂದು ಬರೆಯಲು ಕೂತೆ. ಮೊದಲು "ವಿಧಿಯ ಕ್ರೂರ ಆಟ" ಎಂದು ಶುರುವಾಯಿತು, ಹರಿದೆ. "ನಮ್ಮ ಮನೆಯ ದೀಪ ಆರಿತು" ಎಂದು ಬರೆದೆ, ಅದನ್ನೂ ಹರಿದೆ. ಇಂಥವಕ್ಕೆ ನೀನೂ ಅಳುವುದಿಲ್ಲ, ನಾನೂ ಅಳುವುದಿಲ್ಲ. ಆಗ ಅಪ್ಪನ ಕೈಗಳನ್ನು ನೆನೆದೆ. ಅರ್ಧ ಎತ್ತಿದ ಶಟರು, ಬೆರಳಲ್ಲಿ ಸಿಕ್ಕಿಕೊಂಡೇ ಇದ್ದ ಬೀಗದ ಕೈ ಗೊಂಚಲು, ಮೆಟ್ಟಿಲ ಕೆಳಗೆ ಜೋಡಿಸಿ ಬಿಟ್ಟ ಚಪ್ಪಲಿ, ಯಾರೋ ಹಿಂದಿನ ದಿನ ಕೊಟ್ಟುಹೋಗಿ ಇನ್ನೂ ನಲವತ್ತು ಪ್ರತಿ ಬಾಕಿ ಇದ್ದ ನೋಟ್ಸು. ಇವನ್ನೆಲ್ಲ ಒಂದೊಂದಾಗಿ ಬರೆದೆ. ಆದರೆ ಇಷ್ಟರಿಂದ ನೀನು ಅಳಬೇಕಲ್ಲ. ನಿನಗೂ ಅವರಿಗೂ ನಡುವೆ ಇರುವುದು ಆ ಹನ್ನೊಂದು ನೋಟ್‌ಬುಕ್ಕು. ಅದನ್ನು ಮುಟ್ಟದೆ ಗತಿಯಿರಲಿಲ್ಲ. ನೀನು ಹೋದ ಮೇಲೆ ಒಂದಷ್ಟು ದಿನ ಅಪ್ಪನ ಅಂಗಿಯಲ್ಲಿ ಗೋಣಿಚೀಲದ ಧೂಳು ಇರುತ್ತಿತ್ತು, "ಸಾಮಾನು ಸಾಗ್ಸಿ ಆಯ್ತಲ್ಲ, ಇನ್ನೂ ಎಲ್ಲಿ ಹೊರಳಾಡಿ ಬರ್ತೀರಿ" ಎಂದು ಅಮ್ಮ ಬೈಯುತ್ತಿದ್ದಳು. ಆ ಧೂಳು ನೆನಪಾಗಿ, ಅಲ್ಲಿಂದ ಮುಂದೆ ಕೈಗೆ ಬಂದದ್ದನ್ನು ಕಟ್ಟಿ ಬರೆದೆ: "ನೀನು ಹೋದ ಮೇಲೆ ಅಪ್ಪ ಭದ್ರಾವತಿಯ ರದ್ದಿ ಅಂಗಡಿಗಳಿಗೆಲ್ಲ ಅಲೆದರು. ಮೂಟೆಗಳನ್ನು ಬಿಚ್ಚಿಸಿ, ರಾಶಿಯ ಮೇಲೆಯೇ ಕೂತು, ಒಂದೊಂದೇ ಪುಸ್ತಕ ತೆರೆದು ನಿನ್ನ ಅಕ್ಷರ ಹುಡುಕಿದರು. ಸಿಕ್ಕಿದ ಮೇಲೆ ನಿನಗೆ ತಿಳಿಸೋಣವೆಂದಿದ್ದರು. ಸಿಗಲಿಲ್ಲ, ತಿಳಿಸಲೂ ಇಲ್ಲ." ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಶುದ್ಧ ಸುಳ್ಳು ಅದು, ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ.

ಸಂಜೆ ಅಜ್ಜಿಗೆ ಓದಿ ಹೇಳಬೇಕಾಯಿತು, ಅವಳಿಗೆ ಕಣ್ಣು ಮಸುಕು. ನಡುಮನೆಯಲ್ಲಿ ಅಜ್ಜಿ, ಅಮ್ಮ, ನಾನು. ಸುಳ್ಳೆಂದು ಗೊತ್ತಿದ್ದೂ, ಬರೆಸಿದವಳು ತಾನೇ ಆಗಿದ್ದೂ, ಬೀಗದ ಕೈಯ ಹತ್ತಿರ ಬರುವಷ್ಟರಲ್ಲಿ ಅಜ್ಜಿ ಅಳಲು ಶುರು ಮಾಡಿದಳು. ಅಮ್ಮ ಎದ್ದು ಒಳಗೆ ಹೋಗಿ ಬಾಗಿಲ ಸಂದಿಯಲ್ಲಿ ನಿಂತಳು. ಅಪ್ಪ ಅಂಗಡಿಯಿಂದ ಯಾವಾಗ ಬಂದಿದ್ದರೋ, ನಾನು ರದ್ದಿ ಅಂಗಡಿಯ ಸಾಲುಗಳನ್ನು ಓದಿ ಮುಗಿಸಿ ತಲೆ ಎತ್ತಿದರೆ ಎದುರಿಗೇ ಇದ್ದಾರೆ. ಮುಖ ಸುಣ್ಣದ ಹಾಗಾಗಿತ್ತು. "ನಿಂಗ್ಯಾರು ಹೇಳಿದ್ರು?" ಎಂದರು. ಯಾರೂ ಹೇಳಿಲ್ಲಪ್ಪ, ಸುಮ್ಮನೆ ಬರೆದೆ ಎಂದೆ. "ಸುಮ್ನೆ ಹೆಂಗೆ ಬರೀತೀಯ? ರಾಶಿ ಮೇಲೆ ಕೂತಿದ್ದು ನಿಂಗೆ ಹೆಂಗೆ ಗೊತ್ತು?" ಎಂದವರು ಅಲ್ಲೇ ನೆಲದ ಮೇಲೆ ಕೂತರು. ಆಮೇಲೆ ಒಂದೊಂದಾಗಿ ಹೊರಗೆ ಬಂತು. 'ಶುದ್ಧ ಸುಳ್ಳು' ಎಂದು ನಾನು ಬರೆದದ್ದು ನಡೆದಿತ್ತು ಅಣ್ಣಾ! ಒಂಬತ್ತು ದಿನ ಹೋಗಿದ್ದರಂತೆ, ಆ ಮೂಟೆ ಲಾರಿ ಹತ್ತಿ ಹೋಯಿತೆಂದು ನಾಲ್ಕನೇ ದಿನವೇ ಅಂಗಡಿಯವನು ಹೇಳಿದರೂ ಬಿಡದೆ ಉಳಿದದ್ದನ್ನೆಲ್ಲ ಜಾಲಾಡಿದರಂತೆ. "ಮೊದಲ್ನೇ ದಿನ ರಾಶಿ ಮುಂದೆ ಕೂತ್ಮೇಲೆ ಗೊತ್ತಾಯ್ತು ಕಣೇ, ನಂಗೆ ಅವ್ನ ಅಕ್ಷರವೇ ಗೊತ್ತಿಲ್ಲ. ಒಂದು ದಿನಾನಾದ್ರೂ ಓದಿದ್ರೆ ತಾನೆ? ಯಾವ್ದು ಯಾರ್ದು ಅಂತ ಹೆಂಗೆ ಹುಡುಕ್ಲಿ? ಮನೆಗ್ ಬಂದು ಅವ್ನು ಸ್ಕೂಲಲ್ಲಿ ಬರ್ದಿದ್ದ ಒಂದು ರಜಾ ಅರ್ಜಿ ಸಿಕ್ತು, ಅದನ್ನ ಜೇಬಲ್ಲಿ ಇಟ್ಕೊಂಡ್ ಹೋಗಿ ತಾಳೆ ನೋಡ್ದೆ." ಕಾಗದವನ್ನು ಕಣ್ಣು ಮುಚ್ಚಿ ಸದ್ದಿನಿಂದ ಗುರುತಿಸುವ ಮನುಷ್ಯ, ಮಗನ ಅಕ್ಷರ ಗುರುತಿಸಲಾರದೆ ರದ್ದಿಯ ರಾಶಿಯ ಮೇಲೆ ಕೂತಿದ್ದರು. ಇಷ್ಟು ಹೇಳಿ ಅಪ್ಪ ಅತ್ತರು. ನನ್ನ ಜೀವಮಾನದಲ್ಲಿ ಅವರು ಅತ್ತದ್ದನ್ನು ನೋಡಿರಲಿಲ್ಲ, ತಾತ ಹೋದಾಗಲೂ ಇಲ್ಲ. ಅಜ್ಜಿ ಹತ್ತಿರ ಸರಿದು ಅರವತ್ತೊಂದು ವರ್ಷದ ಮಗನ ತಲೆಯನ್ನು, ಕಾಗೆ ಮುಟ್ಟಿದ ಜಾಗದಲ್ಲೇ, ಸವರುತ್ತ ಕೂತಳು.

ಆಮೇಲೆ ಅಜ್ಜಿ ಮೂಗು ಒರೆಸಿಕೊಂಡು, "ಕಣ್ಣೀರು ಬಿತ್ತಲ್ಲ, ದೋಷ ಹೋಯ್ತು. ಕಾಗ್ದ ಹಾಕೋದು ಬೇಡ" ಎಂದು ತೀರ್ಪು ಕೊಟ್ಟಳು. ತಾನು ಸತ್ತ ಸುದ್ದಿಗೆ ತಾನೇ ಅತ್ತರೆ ನಡೆಯುತ್ತದೆಯೇ ಎಂದು ಅಮ್ಮ ಬಾಗಿಲ ಸಂದಿಯಿಂದ ಕೇಳಿದಳು, ಅಜ್ಜಿ ದುರುಗುಟ್ಟಿ ನೋಡಿದಳು. ಸಾವಿನ ಕಾಗದ ಮನೆಯಲ್ಲಿ ಇರಕೂಡದು, ಆದ್ದರಿಂದ ನಾನು ಬರೆದದ್ದನ್ನು ಆಗಲೇ ಚೂರು ಮಾಡಿ ಬಕೆಟ್ಟಿನ ನೀರಿಗೆ ಹಾಕಿದರು, ಎಲ್ಲರಿಗೂ ತಲೆಗೆ ಸ್ನಾನವಾಯಿತು. ನಾನು ಬರೆದದ್ದರಲ್ಲಿ ಒಳಗೆ ಯಾರೋ ಇದ್ದ ಒಂದೇ ಒಂದು ಬರವಣಿಗೆ ಅದು, ಸೆಮಿಸ್ಟರಿಗೆ ಒಪ್ಪಿಸಬಹುದಿತ್ತು. ನಿನ್ನೆ ಸಮತಾ ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, "ನೀನು ಪಾಸಾದೆ ಕಣೇ. ಆದ್ರೆ ಮಾರ್ಕ್ಸ್ ಹಾಕೋಕೆ ನನ್ನ ಹತ್ರ ಕಾಗ್ದವೇ ಇಲ್ವಲ್ಲ, ಬುಧವಾರದೊಳಗೆ ಬೇರೆ ಏನಾದ್ರೂ ತಂದ್ಕೊಡು" ಎಂದರು. ಇನ್ನೂ ಏನೂ ಬರೆದಿಲ್ಲ. ಪೆನ್ನು ಹಿಡಿದರೆ ಭಯವಾಗುತ್ತದೆ. ನಾನು ಏನೋ ಕಟ್ಟಿ ಬರೆದೆ ಎಂದುಕೊಂಡರೆ ಅದು ಆರು ವರ್ಷದಿಂದ ಪಕ್ಕದ ಕೋಣೆಯಲ್ಲೇ ಇದ್ದ ಸತ್ಯವಾಗಿತ್ತು. ಇದು ಯಾವ ಶಕ್ತಿ, ಇದನ್ನು ಕಲಿಸುವುದಕ್ಕೆ ಮೂರು ವರ್ಷ ಸಾಕಾಗುತ್ತದೆಯೇ, ಹೇಳು. ನೀನು ಹೈಸ್ಕೂಲಿನಲ್ಲೇ ಒಬ್ಬನೇ ಇದರೊಡನೆ ಇದ್ದೆಯಲ್ಲ, ನಿನಗೆ ಭಯವಾಗಲಿಲ್ಲವೇ?

ಇನ್ನೊಂದು ಹೇಳಬೇಕು. ಅಪ್ಪ ಅಂಗಡಿಯಲ್ಲಿ ಕೆಟ್ಟ ಹಾಳೆಯನ್ನು ರದ್ದಿಗೆ ಹಾಕುವ ಮುಂಚೆ ಗಿರಾಕಿಯನ್ನು ಎರಡೆರಡು ಸಲ ಕೇಳುತ್ತಾರೆ: "ಇದು ಬೇಕಾ, ಬೇಡ್ವಾ? ಸರಿಯಾಗಿ ನೋಡಿ ಹೇಳಿ." ನನ್ನ ಕಾಲೇಜು ನೋಟ್‌ಬುಕ್ಕನ್ನು ದಿನಾ ರಾತ್ರಿ ಊಟವಾದ ಮೇಲೆ ತಿರುವಿ ಹಾಕುತ್ತಾರೆ. ನಾವೆಲ್ಲ ವಯಸ್ಸಾದವರ ಗೀಳು ಎಂದುಕೊಂಡಿದ್ದೆವು. ಅವರು ನನ್ನ ಅಕ್ಷರ ಕಲಿಯುತ್ತಿದ್ದರು. ನಿನ್ನನ್ನು ಬಾ ಎಂದು ನಾನು ಕರೆಯುವುದಿಲ್ಲ, ಆ ಹಕ್ಕು ನನ್ನದಲ್ಲ. ಕೊನೆಗೆ ಬರುತ್ತದೆ ಎಂದ ನನ್ನ ಪ್ರಶ್ನೆ, ನಿಜ ಹೇಳಬೇಕೆಂದರೆ ಅಪ್ಪನ ಪ್ರಶ್ನೆಯೇ: ಆ ಕಾಗದ ನಿನ್ನ ಕೈ ಸೇರಿದ್ದರೆ ನೀನು ಅಳುತ್ತಿದ್ದೆಯಾ? ಗುರುವಾರದಿಂದ ಅವರು ಅದನ್ನು ಮತ್ತೆ ಬಾಯಿಬಿಟ್ಟು ಕೇಳಿಲ್ಲ, ಆದರೆ ಅಜ್ಜಿಯ ಹತ್ತಿರ ಸುಮ್ಮನೆ ಬಂದು ಬಂದು ಕೂರುತ್ತಾರೆ. ಉತ್ತರ ಗೊತ್ತಿರುವುದು ನಿನಗೊಬ್ಬನಿಗೆ.

ಅಜ್ಜಿ ನಿನ್ನ ತಲೆ ಮೇಲೆ ಕೈಯಿಟ್ಟು ಹರಸಿದ್ದಾಳೆಂದು ತಿಳಿದುಕೋ, ಎಣ್ಣೆ ಹಚ್ಚಿಕೊಳ್ಳುತ್ತಾನೋ ಇಲ್ಲವೋ ಎಂಬ ಚಿಂತೆಯೂ ಜೊತೆಗಿದೆ. ಅಮ್ಮ ಏನು ಬರೆಯಲಿ ಎಂದು ಕೇಳಿದರೆ ಸೆರಗಿನಿಂದ ಮುಖ ಒರೆಸಿಕೊಂಡು "ಏನೂ ಬೇಡ" ಅಂದಳು, ಅದನ್ನೇ ಹಾಗೇ ಬರೆದಿದ್ದೇನೆ. ಮೈ ಜೋಪಾನ.

ನಿನ್ನ ತಂಗಿ,
ಭೂಮಿಕಾ

ಮತ್ತೆ: ಸೋಮವಾರ ಬೆಳಿಗ್ಗೆ ಆರು ಗಂಟೆ. ಅಂಟಿಸಿದ ಕವರು ಬಿಡಿಸಿ ಅವಸರದಲ್ಲಿ ಬರೆಯುತ್ತಿದ್ದೇನೆ. ಕಾಲೇಜಿಗೆ ಹೋಗುವಾಗ ಪೋಸ್ಟ್ ಮಾಡೋಣವೆಂದು ಮೇಜಿನ ಮೇಲಿಟ್ಟಿದ್ದೆ. ಅಪ್ಪ ಕವರಿನ ಮೇಲಿನ ನಿನ್ನ ಹೆಸರು ನೋಡಿ, "ಇದ್ರಲ್ಲಿ ನಾನು ಬದುಕಿದೀನಾ?" ಎಂದು ಕೇಳಿದರು. ಬದುಕಿದ್ದೀರಪ್ಪ ಎಂದೆ. "ಹಂಗಾದ್ರೆ ಪೋಸ್ಟಿಗೆ ಹಾಕ್ಬೇಡ, ಕೊಡಿಲ್ಲಿ" ಎಂದರು. ಸ್ನಾನ ಆಗಿದೆ, ಇಸ್ತ್ರಿ ಅಂಗಿ ಹಾಕಿದ್ದಾರೆ, ಗದಗಿಗೆಂದು ಹುಬ್ಬಳ್ಳಿ ಬಸ್ಸಿಗೆ ಹೊರಟು ನಿಂತಿದ್ದಾರೆ. ಆದ್ದರಿಂದ ಇದನ್ನು ನಿನಗೆ ತಂದುಕೊಟ್ಟವರು ಪೋಸ್ಟ್‌ಮನ್ ಅಲ್ಲ. ಪ್ರೆಸ್ಸಿನವರ ಯಾರ ಕೈಯಲ್ಲೋ ಕವರು ಒಳಗೆ ಕಳಿಸಿ ತಾವು ಗೇಟಿನ ಹತ್ತಿರವೇ ನಿಂತಿರುತ್ತಾರೆ, ಅವರ ಸ್ವಭಾವ ನಿನಗೆ ಗೊತ್ತು. ಬೆಳಿಗ್ಗೆಯಿಂದ ಒಂದು ಲೋಟ ಕಾಫಿ ಬಿಟ್ಟರೆ ಏನೂ ತಿಂದಿಲ್ಲ. ಅಯ್ಯೋ, ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು, ಇಷ್ಟುದ್ದ ಓದಿಸಿ ಅವರನ್ನು ಬಿಸಿಲಿನಲ್ಲಿ ನಿಲ್ಲಿಸಿಬಿಟ್ಟೆ. ಅಣ್ಣಾ, ಬೇಗ ಎದ್ದು ಹೋಗು.